ಹಣೆಯ ಮೇಲಿನ ಬಿಳಿ ಬೊಟ್ಟು

ಮೈಮೇಲೆ ಬಿಳಿ ಕಲೆ ಕಂಡವರು ಮೊದಲು ಜ್ಯೋತಿಷಿಯ ಹತ್ತಿರ ಹೋಗುತ್ತಾರೆ, ಆಮೇಲೆ ನಾಟಿ ಮದ್ದಿನವರ ಹತ್ತಿರ, ಆಮೇಲೆ ಚರ್ಮವೈದ್ಯರ ಹತ್ತಿರ. ಆಪ್ತಸಲಹೆಗೆ ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಮನೆಯ ಹುಡುಗಿ ಊಟ ಬಿಟ್ಟಾಗ. ಇಂಥ ಪ್ರಕರಣ ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರು, ವಯಸ್ಸು, ಓದು ಬದಲಿಸಿದ್ದೇನೆ.

ಮಲೆನಾಡಿನ ಅಡಿಕೆ ತೋಟದ ಮನೆ. ಹುಡುಗಿಗೆ 23 ವರ್ಷ. ಹಣೆಯ ನಡುವೆ ಬಿಳಿ ಕಲೆ ಕಾಣಿಸಿಕೊಂಡು ಏಳು ತಿಂಗಳಾಗಿತ್ತು. ಹಿಂದಿನ ವರ್ಷ ತೋಟದ ಮೂಲೆಯ ನಾಗಬನದ ಮರವೊಂದನ್ನು ಕಡಿಸಿದ್ದರಂತೆ, ಹಾಗಾಗಿ ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸುವ ಮೊದಲೇ ಉತ್ತರ ಸಿದ್ಧವಾಗಿತ್ತು: ನಾಗದೋಷ. ನಾಗನಿಗೆ ಸಲ್ಲಿಸುವ ಆಶ್ಲೇಷಾ ಬಲಿ ಪೂಜೆ ಆಯಿತು. ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸಿದ್ದೂ ಆಯಿತು. ಸಂಜೆಗೆ ಗುಳ್ಳೆ ಎದ್ದಿತು, ಗಾಯ ಮಾಗಿದ ಮೇಲೆ ಆ ಜಾಗವೂ ಬೆಳ್ಳಗಾಯಿತು. ಶಾಪ ಇನ್ನೂ ತೀರಿಲ್ಲ ಎಂಬುದಕ್ಕೆ ಮನೆಯವರಿಗೆ ಅದೇ ಸಾಕ್ಷಿ.

ಬಾವಂಚಿಯಲ್ಲಿ ಸೊರಾಲೆನ್ ಎಂಬ ಅಂಶವಿದೆ. ಅದು ಚರ್ಮವನ್ನು ಬಿಸಿಲಿಗೆ ವಿಪರೀತ ಸೂಕ್ಷ್ಮವಾಗಿಸುತ್ತದೆ. ವೈದ್ಯರೂ ಇದನ್ನು ಬಳಸುತ್ತಾರೆ, ಆದರೆ ಪ್ರಮಾಣ ಅಳೆದು, ಬೆಳಕಿನ ಹೊತ್ತನ್ನೂ ಅಳೆದು. ಕೈಯಂದಾಜಿನಲ್ಲಿ ಹಚ್ಚಿದರೆ ಸುಡುತ್ತದೆ. ತೊನ್ನಿನ ಸ್ವಭಾವ ಹೇಗೆಂದರೆ, ಸುಟ್ಟಲ್ಲಿ, ಗೀರಿದಲ್ಲಿ, ಉಜ್ಜಿದಲ್ಲಿ ಹೊಸ ಕಲೆ ಏಳಬಹುದು. ಲಂಗದ ಲಾಡಿ ಬಿಗಿದ ಸೊಂಟದಲ್ಲಿ ಬಿಳಿ ಪಟ್ಟಿ ಮೂಡುವುದು ಇದೇ ಕಾರಣಕ್ಕೆ.

ಮೊದಲ ಮೂರು ಭೇಟಿಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿ ಕೇಳಿದ್ದಾಯಿತು. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಎಂಬ ಹೆದರಿಕೆ ತಪ್ಪು. ಅನ್ನಿಸಿದ್ದಿದೆ, ಆದರೆ ಏನೂ ಮಾಡಿಕೊಳ್ಳಲು ಹೊರಟಿಲ್ಲ ಎಂದಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಅವಳ ಫೋನಿನಲ್ಲೂ ಅಜ್ಜಿಯ ಫೋನಿನಲ್ಲೂ ಹಾಕಿಸಿದೆ. ನಾಲ್ಕನೇ ಸಲ ಬರುವಾಗ ಹಣೆಗೆ ತಾಗುವುದನ್ನೆಲ್ಲ ತನ್ನಿ ಎಂದಿದ್ದೆ.

ಅಮ್ಮ, ಅಜ್ಜಿ, ಹುಡುಗಿ ಮೂವರೂ ಬಂದರು. ಸೋಪು, ಕುಂಕುಮದ ಡಬ್ಬಿ, ಭಸ್ಮದ ಪೊಟ್ಟಣ, ಮೂರು ಸ್ಟಿಕ್ಕರ್ ಬೊಟ್ಟಿನ ಚೀಟಿಗಳು ಮೇಜಿನ ಮೇಲೆ ಬಂದವು. ಮೊದಲನೇ ಚೀಟಿಯ ಸ್ಟಿಕ್ಕರ್ ಮೆಣಸಿನಕಾಳಿನಷ್ಟು, ಎರಡನೆಯದು ಬಟಾಣಿಯಷ್ಟು, ಮೂರನೆಯದು ಹಳೇ ನಾಲ್ಕಾಣೆಗಿಂತ ಕೊಂಚ ಚಿಕ್ಕದು. ಕಲೆ ಮುಚ್ಚಲೆಂದು ಅಮ್ಮ ಸಂತೆಯಿಂದ ತಂದುಕೊಟ್ಟಿದ್ದವು. ಕಲೆ ಹಿಗ್ಗಿದಂತೆ ಸ್ಟಿಕ್ಕರೂ ಹಿಗ್ಗಿತ್ತು. ಪಾರದರ್ಶಕ ಸ್ಕೇಲ್ ಇಟ್ಟು ನೋಡಿದರೆ ಸ್ಟಿಕ್ಕರ್ 16 ಮಿ.ಮೀ., ಬಾವಂಚಿಯ ಗಾಯದ ಜಾಗ ಬಿಟ್ಟರೆ ಕಲೆ 17. ರಾತ್ರಿ ತೆಗೆಯುವುದಿಲ್ಲ, ಸ್ನಾನಕ್ಕೆ ಮಾತ್ರ ಕಿತ್ತು ಬಚ್ಚಲಮನೆಯ ಕನ್ನಡಿಗೆ ಅಂಟಿಸಿ ಮತ್ತೆ ಹಚ್ಚಿಕೊಳ್ಳುತ್ತಿದ್ದಳು.

ಕೆಲವು ಸ್ಟಿಕ್ಕರ್‌ಗಳ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶ ಅದನ್ನು ತನ್ನ ಕಚ್ಚಾವಸ್ತುವಿನಂತೆ ಒಳಗೆಳೆದುಕೊಂಡು ಸಾಯುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಒಗ್ಗದವರಿಗೆ ಬೆವರು ಮತ್ತು ದಿನವಿಡೀ ಹಚ್ಚಿರುವುದು ಸೇರಿದರೆ ಆಗುತ್ತದೆ. ಮೊದಲು ತುರಿಕೆ ಬಂದರೆ ಪುಣ್ಯ, ಬೇಗ ಎಚ್ಚರವಾಗುತ್ತದೆ. ಅನೇಕರಿಗೆ ತುರಿಕೆಯೂ ಬರುವುದಿಲ್ಲ. ಇದು ಅಂಟಿನ ಕಲೆಯೋ, ನಿಜವಾದ ತೊನ್ನೋ, ಎರಡೂ ಕೂಡಿದ್ದೋ ಎಂದು ತೀರ್ಮಾನಿಸಬೇಕಾದವರು ಚರ್ಮವೈದ್ಯರು. ವುಡ್ಸ್ ದೀಪ ಎಂಬ ನೇರಳಾತೀತ ಬೆಳಕಿನ ಕೆಳಗೆ ನೋಡುತ್ತಾರೆ, ಬೇಕಾದರೆ ಶಂಕಿತ ರಾಸಾಯನಿಕವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆ ಮಾಡುತ್ತಾರೆ.

ಇಷ್ಟು ವಿವರಿಸಿದ ಮೇಲೂ ಅಮ್ಮ ನಾಗನ ಮಾತಿಗೇ ಮರಳಿದರು. ಆಗ ಅಜ್ಜಿ ಸಮಾಧಾನಕ್ಕೆಂದು ಯಕ್ಷಗಾನದ ಕಥೆ ತೆಗೆದರು: "ಕಾರ್ಕೋಟಕ ಕಚ್ಚಿ ನಳನ ರೂಪವೇ ಹೋಯ್ತು ಮಗಾ. ಆದ್ರೂ ಅವನ ಅಡಿಗೆ ಬಾಯಿಗಿಟ್ಟ ಕೂಡ್ಲೇ ದಮಯಂತಿಗೆ ಗೊತ್ತಾಯ್ತಲ್ಲ. ನಿಂಗೂ ಒಳ್ಳೇದಾಗ್ತದೆ."

ಹುಡುಗಿ ತಲೆ ಎತ್ತಲಿಲ್ಲ. "ದಮಯಂತಿ ಬಾಯಿಗಾದ್ರೂ ಇಟ್ಲು ಅಜ್ಜಿ. ನಾನು ತಟ್ಟಿದ ರೊಟ್ಟಿ ಅಮ್ಮ ತಿಂತಾರಾ ಕೇಳಿ."

ಅವಳನ್ನು ಅಡಿಗೆಮನೆಗೆ ಬಿಡದೆ ನಾಲ್ಕು ತಿಂಗಳಾಗಿತ್ತು. ಲೋಟ ಬೇರೆ, ಟವೆಲ್ ಬೇರೆ. ಮೂರು ಭೇಟಿಗಳಲ್ಲಿ ಯಾರ ಬಾಯಿಂದಲೂ ಇದು ಹೊರಬಿದ್ದಿರಲಿಲ್ಲ. ಅಮ್ಮ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಸೆರಗು ಹಿಂಡುತ್ತಾ ಕೂತಿದ್ದರು.

ಕಥೆಯಲ್ಲಿ ಕಾರ್ಕೋಟಕನ ವಿಷ ಸುಡುವುದು ನಳನೊಳಗೆ ಹೊಕ್ಕಿದ್ದ ಕಲಿಯನ್ನು, ಆ ಕಡಿತ ನಳನ ಒಳ್ಳೆಯದಕ್ಕೇ. ಅದನ್ನು ಎತ್ತಿಕೊಳ್ಳಬಹುದಿತ್ತು, ಎತ್ತಿಕೊಳ್ಳಲಿಲ್ಲ. ನೋವಿನಲ್ಲಿರುವವರಿಗೆ ನಿನ್ನ ನೋವು ನಿನಗೇ ಒಳ್ಳೆಯದು ಎನ್ನುವುದು ಸಲಹೆಯಲ್ಲ.

ಮೊದಲ ಸಲಹೆ ಅಮ್ಮನಿಗೆ: ಇವತ್ತು ರಾತ್ರಿ ಅವಳು ತಟ್ಟಿದ ರೊಟ್ಟಿಯನ್ನು ಅವಳ ಎದುರೇ ಕೂತು ತಿನ್ನಿ. ಲೋಟ, ಟವೆಲ್ ಒಂದೇ ಆಗಲಿ. ತೊನ್ನಾಗಲಿ ಅಂಟಿನ ಕಲೆಯಾಗಲಿ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ, ಅದರಲ್ಲಿ ರೋಗಾಣುವೇ ಇಲ್ಲ. "ಬಿಳಿ ಕುಷ್ಠ" ಎಂಬ ಹಳೆಯ ಹೆಸರು ಮಾಡಿದ ಅನಾಹುತ ಇದು. ಕುಷ್ಠದ ಮಚ್ಚೆ ಹಾಲಿನಂತೆ ಬೆಳ್ಳಗಿರುವುದಿಲ್ಲ, ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಆ ಕುಷ್ಠವೂ ಮದ್ದಿನಿಂದ ವಾಸಿಯಾಗುತ್ತದೆ, 2019ರಲ್ಲಿ ಅದನ್ನು ವಿಚ್ಛೇದನದ ಕಾರಣಗಳಿಂದಲೂ ಕಾನೂನು ತೆಗೆದುಹಾಕಿದೆ.

ಎರಡನೆಯದು, ಸ್ಟಿಕ್ಕರ್ ಇಂದೇ ನಿಲ್ಲಬೇಕು. ಬೇರೆ ಕಂಪನಿಯದೂ ಬೇಡ, ಮೇಲಿಂದ ಭಸ್ಮವೂ ಬೇಡ. ಮದುವೆಯಾಗದ ಹುಡುಗಿಯ ಹಣೆ ಬೋಳಾಗಿ ಇರುವುದು ಹೇಗೆ ಎಂದು ಅಮ್ಮ ಕೇಳಿದರು. ಉತ್ತರ ಕೊಟ್ಟವರು ಅಜ್ಜಿ: "ನನ್ನ ಹಣೆ ಬೋಳಾಗಿ ಮೂವತ್ತು ವರ್ಷ ಆಯ್ತು. ಮನೆ ಬಿದ್ದುಹೋಯ್ತಾ?"

ಮೂರನೆಯದು ಕಾಯುವ ಬಗ್ಗೆ. ವೈದ್ಯರು ಮುಲಾಮು ಕೊಡುತ್ತಾರೆ, ಬೇಕೆನಿಸಿದರೆ ವಾರಕ್ಕೆ ಎರಡು ಮೂರು ಸಲ ಬೆಳಕಿನ ಚಿಕಿತ್ಸೆ. ಬಣ್ಣ ಒಮ್ಮೆಲೇ ಬರುವುದಿಲ್ಲ. ಕೂದಲ ಬುಡಗಳ ಸುತ್ತ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಎದ್ದು, ಅವು ಹರಡಿ ಒಂದನ್ನೊಂದು ಕೂಡುತ್ತವೆ. ಅದು ಕಣ್ಣಿಗೆ ಕಾಣಲು ಮೂರು ತಿಂಗಳಾದರೂ ಬೇಕು, ಅನೇಕರು ಅಷ್ಟರೊಳಗೇ ಕೈಬಿಡುತ್ತಾರೆ. ಮುಖಕ್ಕೆ ಬಣ್ಣ ಬೇಗ ಮರಳುತ್ತದೆ, ಬೆರಳ ತುದಿಗೂ ತುಟಿಗೂ ನಿಧಾನ. ಆದ್ದರಿಂದ ದಿನಕ್ಕೆ ಇಪ್ಪತ್ತು ಸಲ ಕನ್ನಡಿ ನೋಡುವ ಬದಲು ನಾಲ್ಕು ವಾರಕ್ಕೊಮ್ಮೆ ಒಂದು ಫೋಟೋ: ಅದೇ ಕಿಟಕಿ, ಅದೇ ಹೊತ್ತು, ಪಕ್ಕದಲ್ಲಿ ಅದೇ ಸ್ಕೇಲ್. ಪಥ್ಯವೆಂದು ಬಿಡಿಸಿದ್ದ ಹಾಲು, ಮೀನು, ನಿಂಬೆಯನ್ನು ಮತ್ತೆ ಊಟಕ್ಕೆ ಸೇರಿಸಿ ಎಂದೂ ಹೇಳಿದೆ.

ಮದುವೆಯ ಮಾತುಕತೆಯಲ್ಲಿ ಕಲೆಯ ವಿಷಯ ಮುಚ್ಚಿಡಬೇಡಿ, ಆದರೆ ಮೊದಲ ಫೋನಿನಲ್ಲೇ ತಪ್ಪೊಪ್ಪಿಗೆಯಂತೆ ಹೇಳುವುದೂ ಬೇಡ. ನಿಶ್ಚಯಕ್ಕೆ ಮುಂಚೆ, ವೈದ್ಯರ ಚೀಟಿಯ ಜೊತೆ, ಹುಡುಗಿಯೇ ಹೇಳಲಿ. "ಇದು ಒಬ್ಬರಿಂದೊಬ್ಬರಿಗೆ ಹರಡೋದಲ್ಲ, ಮದ್ದು ನಡೀತಿದೆ" ಎಂಬ ಒಂದೇ ವಾಕ್ಯವನ್ನು ಅವಳಿಂದ ಹತ್ತು ಸಲ ಹೇಳಿಸಿದೆ. ಏಳನೇ ಸಲಕ್ಕೆ ಧ್ವನಿ ನಡುಗುವುದು ನಿಂತಿತು.

ನಾಗದೋಷ ಎಂಬುದೇ ಇಲ್ಲ ಎಂದು ಯಾಕೆ ಹೇಳಲಿಲ್ಲ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಹೇಳಬಹುದಿತ್ತು. ಹಾಗೆ ಹೇಳಿಸಿಕೊಂಡ ಮನೆಯವರು ಮುಂದಿನ ಭೇಟಿಗೆ ಬರುವುದಿಲ್ಲ, ಚಿಕಿತ್ಸೆಗೋ ತಿಂಗಳುಗಟ್ಟಲೆ ಬೇಕು. ಪೂಜೆ ಬೇಡವೆನ್ನಲಿಲ್ಲ, ಕರಾರು ಹಾಕಿದೆ: ವೈದ್ಯರ ಮುಲಾಮು ಬಿಟ್ಟು ಹಣೆಗೆ ಏನೂ ಹಚ್ಚಬಾರದು, ಆಸ್ಪತ್ರೆಯ ದಿನ ತಪ್ಪಬಾರದು, ಸಾಲ ಮಾಡಬಾರದು, ಹುಡುಗಿಯನ್ನು ದೋಷದವಳೆಂದು ನಾಲ್ಕು ಜನರ ಮುಂದೆ ಕೂರಿಸಬಾರದು. ಕಡಿದ ಮರದ ಜಾಗದಲ್ಲಿ ಸಸಿ ನೆಡುತ್ತೇವೆ ಎಂದರು. ಯಾವ ಚರ್ಮವೈದ್ಯರೂ ಅದಕ್ಕೆ ಅಡ್ಡಿ ಮಾಡಲಾರರು. ಈ ವಿಷಯದಲ್ಲಿ ಹೇಡಿತನದ ಆರೋಪ ಬಂದರೆ ಒಪ್ಪಿಕೊಳ್ಳುತ್ತೇನೆ.

ಐದನೇ ಭೇಟಿಯ ಹೊತ್ತಿಗೆ ಅಡಿಗೆಮನೆಯ ಬಾಗಿಲು ತೆರೆದಿತ್ತು. ಹಣೆಯ ಕಲೆ ಹಾಗೇ ಇತ್ತು. ಹೊರಡುವಾಗ ಹುಡುಗಿಯೂ ಅಜ್ಜಿಯೂ ಮೆಟ್ಟಿಲಿಳಿದಿದ್ದರು. ಅಮ್ಮ ಹಿಂದೆ ಉಳಿದು, ಚಪ್ಪಲಿ ಮೆಟ್ಟುವ ಮುನ್ನ ಸೀರೆಯನ್ನು ಒಂದು ಗೇಣು ಮೇಲೆತ್ತಿದರು. ಎರಡೂ ಪಾದಗಳ ಮೇಲೆ, ಹವಾಯಿ ಚಪ್ಪಲಿಯ ಪಟ್ಟಿ ಕೂರುವಲ್ಲಿ, ಹೆಬ್ಬೆರಳ ಸಂದಿನಿಂದ ಕವಲೊಡೆದ ಬಿಳಿ ಗೆರೆ.

"ಹನ್ನೊಂದು ವರ್ಷ ಆಯ್ತು," ಎಂದರು. "ನನ್ನಿಂದಲೇ ಅವಳಿಗೆ ಬಂತು ಅಂದ್ಕೊಂಡಿದ್ದೆ. ಇದೂ ಅದೇನಾ?"

ರಬ್ಬರಿನಲ್ಲಿ ಸೇರಿಸುವ ಕೆಲವು ರಾಸಾಯನಿಕಗಳೂ ಇದೇ ಕೆಲಸ ಮಾಡುತ್ತವೆ. ರಬ್ಬರ್ ಬಿಟ್ಟು ಬಟ್ಟೆ ಪಟ್ಟಿಯ ಚಪ್ಪಲಿ ಹಾಕಿಕೊಳ್ಳಿ, ಮಗಳನ್ನು ಚರ್ಮವೈದ್ಯರ ಹತ್ತಿರ ಕರೆದೊಯ್ಯುವ ದಿನವೇ ನಿಮ್ಮ ಕಾಲನ್ನೂ ತೋರಿಸಿ ಎಂದೆ.