ಕರೆಂಟ್ ಹೋಗಿ ಬಂದ ಮೇಲೆ ಡೆಸ್ಕ್‌ಟಾಪ್ ಆನ್ ಆಗ್ತಿಲ್ಲ, ಮದರ್‌ಬೋರ್ಡ್ ಹೋಗಿರಬಹುದಾ?

ಸಿಂಧನೂರಿನ ಗೊಬ್ಬರದ ಅಂಗಡಿಯಲ್ಲಿ ಕೂತು ಕೇಳಿದ್ದೀರಿ. ನಿನ್ನೆ ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಆಮೇಲೆ ಬಟನ್ ಒತ್ತಿದರೆ ಲೈಟೂ ಇಲ್ಲ, ಫ್ಯಾನೂ ತಿರುಗುತ್ತಿಲ್ಲ. ರಿಪೇರಿಯವರು ಫೋನಿನಲ್ಲೇ "ಮದರ್‌ಬೋರ್ಡ್ ಹೋಗಿದೆ, ಬದಲಿಸಬೇಕು" ಅಂದಿದ್ದಾರೆ. ಐದು ವರ್ಷದ ಲೆಕ್ಕ ಅದರಲ್ಲೇ ಇದೆ ಅಂತ ನಿಮಗೆ ಗಾಬರಿ.

ಮದರ್‌ಬೋರ್ಡ್ ಅಂದರೆ ಒಳಗಿನ ಎಲ್ಲಾ ಭಾಗಗಳನ್ನು ಜೋಡಿಸುವ ಮುಖ್ಯ ಬೋರ್ಡ್. ಲೆಕ್ಕ ಇರುವುದು ಅದರಲ್ಲಲ್ಲ, ಹಾರ್ಡ್ ಡಿಸ್ಕಿನಲ್ಲಿ. ಕಂಪ್ಯೂಟರ್ ಆನ್ ಆಗದಿದ್ದರೆ ಲೆಕ್ಕ ಹೋಯಿತು ಅಂತ ಅಲ್ಲ. ಬಹಳಷ್ಟು ಸಲ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲಾ ಸಿಗುತ್ತದೆ. ರಿಪೇರಿಗೆ ಕೊಡುವುದಾದರೆ ಡಿಸ್ಕ್ ಬಿಚ್ಚಿ ನಿಮ್ಮ ಹತ್ತಿರವೇ ಇಟ್ಟುಕೊಂಡು ಕೊಡಿ. ಆನ್ ಆಗುತ್ತದೋ ಇಲ್ಲವೋ ನೋಡಲು ಅದು ಬೇಕಾಗಿಲ್ಲ.

ನಾನು ರಾಯಚೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ಮೇ ತಿಂಗಳು, ಲಗ್ನಪತ್ರಿಕೆಗಳ ಕೆಲಸ ತಲೆಯ ಮೇಲಿದ್ದಾಗ ನನ್ನ ಮಷೀನ್ ಹೀಗೇ ಸತ್ತಂತೆ ಕೂತಿತು. ತೆಗೆದುಕೊಂಡು ಹೋದ ಕಡೆ ಮದರ್‌ಬೋರ್ಡ್ ಅಂದರು, ದುಡ್ಡು ಕೊಟ್ಟೆ. ಹೊಸ ಬೋರ್ಡ್ ಹಾಕಿದ ಮೇಲೂ ಅದೇ ಕಥೆ. ಕೊನೆಗೆ ನೋಡಿದರೆ ಮುಂಭಾಗದ ಪವರ್ ಬಟನ್ನಿನ ಸ್ವಿಚ್ ಕೆಟ್ಟಿತ್ತು. ಅವತ್ತಿನಿಂದ ಗೋಡೆಯ ಸಾಕೆಟ್ಟಿನಿಂದ ಶುರು ಮಾಡಿ ಒಂದೊಂದೇ ನೋಡದೆ ಯಾವ ಭಾಗಕ್ಕೂ ನಾನು ಕೈ ಹಾಕುವುದಿಲ್ಲ. ನೀವೂ ಹಾಗೇ ಮಾಡಿ.

ಯುಪಿಎಸ್, ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲಾ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ. ಕರೆಂಟ್ ಹೋಗಿ ಬಂದಾಗ ಹಳೇ ಬ್ಯಾಟರಿಯ ಯುಪಿಎಸ್ಸೇ ಕೈಕೊಟ್ಟಿರುವುದು ಜಾಸ್ತಿ. ಟೆಸ್ಟರ್ ದೀಪ ಉರಿಯಿತು ಅಂತ ನಂಬಬೇಡಿ. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಕಟ್ ಆಗಿದ್ದರೂ ಅದು ಉರಿಯುತ್ತದೆ. ಮೊಬೈಲ್ ಚಾರ್ಜ್ ಆಗುತ್ತಿದೆಯಲ್ಲ ಅಂದರೂ ಸಾಲದು. ಬಹುತೇಕ ಚಾರ್ಜರುಗಳು 100ರಿಂದ 240 ವೋಲ್ಟ್‌ವರೆಗೂ ನಡೆಯುತ್ತವೆ, ಆದರೆ ಕಂಪ್ಯೂಟರಿನ ಒಳಗೆ ಗೋಡೆಯ ಕರೆಂಟನ್ನು ಕಡಿಮೆ ವೋಲ್ಟಿನ ಡಿಸಿ ಮಾಡಿಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಕಡಿಮೆ ದರದ್ದಾದರೆ ಅಷ್ಟು ಕಡಿಮೆ ವೋಲ್ಟಿನಲ್ಲಿ ನಡೆಯುವುದಿಲ್ಲ. ನಮ್ಮ ಓಣಿಯಲ್ಲೇ ಬೇಸಿಗೆ ಸಂಜೆ 230 ಇರಬೇಕಾದದ್ದು 180ಕ್ಕೆ ಇಳಿದದ್ದನ್ನು ಮೀಟರಿನಲ್ಲಿ ನೋಡಿದ್ದೇನೆ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಒಂದು ತಂದಿಟ್ಟುಕೊಳ್ಳಿ, ಅಂಗಡಿಗೆ ಬೇಕೇ ಬೇಕು.

ಇನ್ನು ಕೇಬಲ್. ಮಾನಿಟರಿಗೋ ಪ್ರಿಂಟರಿಗೋ ಹಾಕಿರುವ ಪವರ್ ಕೇಬಲ್ ಸಾಮಾನ್ಯವಾಗಿ ಇದಕ್ಕೂ ಕೂರುತ್ತದೆ. ಅದನ್ನು ಹಾಕಿ ನೋಡಿ. ಕ್ಯಾಬಿನೆಟ್ಟಿನ ಹಿಂದೆ ಎಸ್‌ಎಂಪಿಎಸ್ ಮೇಲೆ ಪುಟ್ಟ ಸ್ವಿಚ್ ಇದ್ದರೆ ಅದು ಗೀಟಿನ ಕಡೆ ಇರಬೇಕು, ಸೊನ್ನೆ ಕಡೆ ಅಲ್ಲ. ಕಸ ಗುಡಿಸುವಾಗ ತಗಲಿ ಆಫ್ ಆಗಿರುತ್ತದೆ.

ಆಮೇಲೆ ಕೇಬಲ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ. ಕೀಬೋರ್ಡ್, ಮೌಸ್, ಪೆನ್ ಡ್ರೈವ್ ಎಲ್ಲಾ ಕಿತ್ತು ಮತ್ತೆ ಕೇಬಲ್ ಹಾಕಿ ಒತ್ತಿ. ಎಸ್‌ಎಂಪಿಎಸ್ ತನ್ನನ್ನು ತಾನೇ ಲಾಕ್ ಮಾಡಿಕೊಂಡಿದ್ದರೆ ಇಷ್ಟಕ್ಕೇ ಎದ್ದುಬಿಡುತ್ತದೆ. ಬಗ್ಗಿಹೋದ ಯುಎಸ್‌ಬಿ ಪೋರ್ಟಿನಿಂದ ಶಾರ್ಟ್ ಆಗಿ ನಿಂತ ಮಷೀನುಗಳೂ ಇವೆ.

ಇಷ್ಟಕ್ಕೂ ಏಳಲಿಲ್ಲ ಅಂದರೆ ಪಕ್ಕದ ಬಾಗಿಲು ತೆಗೆಯಿರಿ. ಎಸ್‌ಎಂಪಿಎಸ್ ಫ್ಯಾನಿನ ಜಾಲರಿಗೆ ಟಾರ್ಚ್ ಬಿಡಿ. ಇಲ್ಲಿ ಗಂಜ್ ಮಾರುಕಟ್ಟೆ ಪಕ್ಕದ ಒಂದು ಅಂಗಡಿಯಲ್ಲಿ ನಾನು ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಫ್ಯಾನಿನ ರೆಕ್ಕೆಗಳಿಗೆ ಹತ್ತಿಯ ಎಳೆ ಹಾಸಿಗೆಯ ಥರ ಸುತ್ತಿಕೊಂಡಿತ್ತು. ಅದರ ಹಿಂದೆ ಒಣಗಿದ ಹಲ್ಲಿ, ಬಾಲ ಸರ್ಕ್ಯೂಟಿಗೆ ಅಂಟಿ ಕರಕಲಾಗಿತ್ತು. ಮೂಗು ಹತ್ತಿರ ಒಯ್ದರೆ ಸುಟ್ಟ ವಾಸನೆ. ನಿಮ್ಮದರಲ್ಲೂ ಅಂಥ ವಾಸನೆ ಬಂದರೆ ಪದೇ ಪದೇ ಬಟನ್ ಒತ್ತಬೇಡಿ, ಎಸ್‌ಎಂಪಿಎಸ್ ಬದಲಿಸಿ. ಆದರೆ ಅದರ ಪೆಟ್ಟಿಗೆಯನ್ನು ಮಾತ್ರ ನೀವು ಬಿಚ್ಚಬೇಡಿ. 230 ವೋಲ್ಟ್ ಎಸಿ ಒಳಗೆ ಸುಮಾರು 320 ವೋಲ್ಟ್ ಡಿಸಿ ಆಗಿ ದಪ್ಪ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಫ್ಯೂಸ್ ಹಾಕಿ ಸರಿ ಮಾಡ್ತೀನಿ ಅನ್ನುವವರನ್ನೂ ನಂಬಬೇಡಿ. ಫ್ಯೂಸ್ ಹೋಗಿದೆ ಅಂದರೆ ಒಳಗೆ ಬೇರೆ ಏನೋ ಶಾರ್ಟ್ ಆಗಿರುವ ಸಾಧ್ಯತೆಯೇ ಹೆಚ್ಚು.

ಈಗ ನಿಜವಾದ ಪರೀಕ್ಷೆ. ಮದರ್‌ಬೋರ್ಡಿಗೆ ಚುಚ್ಚಿರುವ 24 ಪಿನ್ನಿನ ಅಗಲ ಕನೆಕ್ಟರ್ ಹುಡುಕಿ. ಅದರಲ್ಲಿ ಒಂದು ನೇರಳೆ ವೈರ್ ಇರುತ್ತದೆ. ಕೇಬಲ್ ಹಾಕಿದ್ದರೆ ಸಾಕು, ಕಂಪ್ಯೂಟರ್ ಆಫ್ ಇದ್ದರೂ ಅದರಲ್ಲಿ 5 ವೋಲ್ಟ್ ಡಿಸಿ ಇರಬೇಕು. ಬಟನ್ ಒತ್ತಿದ್ದು ಬೋರ್ಡಿಗೆ ಗೊತ್ತಾಗುವುದು ಈ ಕರೆಂಟಿನಿಂದಲೇ. ಮಲ್ಟಿಮೀಟರನ್ನು ಡಿಸಿ 20ಕ್ಕೆ ಇಟ್ಟು, ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ನೇರಳೆಗೆ, ಕನೆಕ್ಟರಿನ ಹಿಂಬದಿಯಿಂದ ಮುಟ್ಟಿಸಿ. ಕೈ ನಡುಗಿ ಕಡ್ಡಿ ಪಕ್ಕದ ವೈರಿಗೆ ತಗಲಬಾರದು, ನಿಧಾನ ಮಾಡಿ.

ಕನೆಕ್ಟರ್ ಬೋರ್ಡಿನಿಂದ ಬಿಡಿಸಿಟ್ಟರೂ ಸೊನ್ನೆಯೇ ಬಂದರೆ ಎಸ್‌ಎಂಪಿಎಸ್ ಹೋಗಿದೆ, ಬೋರ್ಡನ್ನು ಇನ್ನೂ ದೂರಬೇಡಿ. ಬಿಡಿಸಿದಾಗ 5 ಬಂದು ಜೋಡಿಸಿದಾಗ ಇಳಿದರೆ ಬೋರ್ಡಿನಲ್ಲಿ ಶಾರ್ಟ್ ಇರಬಹುದು. ಎರಡೂ ಸಲ 5 ಬಂದರೆ ಮುಂಭಾಗದ ಬಟನ್ನಿನ ಮೇಲೆ ಅನುಮಾನ. ಬೋರ್ಡಿನ ಮೂಲೆಯಲ್ಲಿ ಅದರ ಸಣ್ಣ ವೈರ್ ಚುಚ್ಚಿರುವ ಎರಡು ಪಿನ್ ಹುಡುಕಿ. ಪಕ್ಕದಲ್ಲೇ ಪವರ್ ಸ್ವಿಚ್ ಅಂತ ಇಂಗ್ಲಿಷಿನಲ್ಲಿ ಚುಟುಕಾಗಿ ಬರೆದಿರುತ್ತದೆ. ವೈರ್ ಕಿತ್ತು ಆ ಎರಡನ್ನೇ ಸ್ಕ್ರೂ ಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಫ್ಯಾನ್ ತಿರುಗಿತಾ? ಹಾಗಾದರೆ ಕೆಟ್ಟಿರುವುದು ಸ್ವಿಚ್ ಮಾತ್ರ. ಸದ್ಯಕ್ಕೆ ರೀಸೆಟ್ ಬಟನ್ನಿನ ವೈರನ್ನು ಅಲ್ಲಿಗೆ ಚುಚ್ಚಿ ಕೆಲಸ ನಡೆಸಬಹುದು. ನಾನು ಆ ಲಗ್ನದ ಸೀಸನ್ ಮುಗಿಸಿದ್ದು ಹಾಗೆಯೇ.

ಎಲ್ಲಾ ವೈರೂ ಕಪ್ಪಗಿದ್ದರೆ, ಅಥವಾ ನಿಮ್ಮದು ಕಂಪನಿಯವರೇ ಜೋಡಿಸಿ ಮಾರಿದ ಸೆಟ್ ಆಗಿ ಕನೆಕ್ಟರ್ ಬೇರೆ ಥರ ಇದ್ದರೆ, ಈ ಅಳತೆ ನೀವೇ ಮಾಡಬೇಡಿ. ಅಂಥದ್ದಕ್ಕೆ ಬೇರೆ ಎಸ್‌ಎಂಪಿಎಸ್ ಕೂಡ ಸುಮ್ನೆ ಹೊಂದುವುದಿಲ್ಲ.

ರ್‍ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಅಂತ ಯಾರಾದರೂ ಹೇಳಬಹುದು. ಫ್ಯಾನ್ ತಿರುಗಿಯೂ ಸ್ಕ್ರೀನ್ ಬರದಿದ್ದಾಗ ಅದು ಒಳ್ಳೆ ಉಪಾಯ, ನಿಮ್ಮ ತೊಂದರೆಗೆ ಅಲ್ಲ. ಬೋರ್ಡಿನ ನಾಣ್ಯದಂಥ 3 ವೋಲ್ಟ್ ಸೆಲ್ ಕೆಟ್ಟರೆ ಸಾಮಾನ್ಯವಾಗಿ ತಾರೀಖು ತಪ್ಪುತ್ತದೆ, ಅಷ್ಟೇ.

ಎಸ್‌ಎಂಪಿಎಸ್ ಅಂತಲೇ ಆದರೆ, ಕೊಳ್ಳುವ ಮುಂಚೆ ಗೊತ್ತಿದ್ದವರ ಹತ್ತಿರ ಅದೇ ಥರದ್ದು ಒಂದು ಗಂಟೆ ಕೇಳಿ ತಂದು ಹಾಕಿ ನೋಡಿ. ಎದ್ದರೆ ಮಾತ್ರ ಹೊಸದಕ್ಕೆ ದುಡ್ಡು ಹಾಕಿ. ಮೇಲೆ 450 ವ್ಯಾಟ್ ಅಂತ ಬರೆದು ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಂತೆ ಹಗುರ ಇರುವುದನ್ನು ತರಬೇಡಿ. ಜೊತೆಗೆ ಅಂಗಡಿಯ ಅರ್ಥಿಂಗ್ ಕೂಡ ಒಮ್ಮೆ ನೋಡಿಸಿ. ಬೇಸಿಗೆಗೆ ನಮ್ಮ ಎರೆ ಭೂಮಿ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಆಗ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಗುಂಡಿಗೆ ಆಗಾಗ ನೀರು ಹಾಕಿಸಿ.

ನೇರಳೆ ವೈರಿನಲ್ಲಿ ಎಷ್ಟು ಬಂತು, ಗೋಡೆಯ ಸಾಕೆಟ್ಟಿನಲ್ಲಿ ಎಷ್ಟು ಬಂತು, ಎರಡೂ ಬರೆದು ಕಳಿಸಿ. ಅದನ್ನು ನೋಡಿಕೊಂಡು ಮುಂದೇನು ಮಾಡಬೇಕು ಅಂತ ಹೇಳುತ್ತೇನೆ.