ಬೈಪಾಸ್ ಬೇಕು ಅಂತಲೇ ಬರೆಯಿರಿ, ಆದರೆ ಮೋರಿ ಎಲ್ಲಿ ಅಂತ ಈಗಲೇ ಕೇಳಿ

ಅಣ್ಣ, ಊರ ಹೊರಗೆ ಬರುವ ಬೈಪಾಸ್‌ಗೆ ನಿಮ್ಮ ಹೊಲದ ಒಂದು ತುದಿ ಹೋಗುತ್ತದೆ, ಬೆಂಬಲಿಸಿ ಬರೆಯೋದಾ, ಆಕ್ಷೇಪಣೆ ಹಾಕೋದಾ ಅಂತ ಕೇಳಿದ್ದೀರಿ. ನಾನು ಬೆಂಬಲಿಸಿ ಬರೆದಿದ್ದೇನೆ. ನೀವೂ ಹಾಗೇ ಮಾಡಿ ಅಂತ ಹೇಳುತ್ತೇನೆ. ಆದರೆ ಬರೀ 'ಬೇಕು' ಅಂತ ಸಹಿ ಹಾಕಿ ಕೊಡಬೇಡಿ.

ನನ್ನ ಮನೆ ಈಗಿನ ಮುಖ್ಯರಸ್ತೆಗೆ ಅಂಟಿಕೊಂಡೇ ಇದೆ. ರಾತ್ರಿ ಲೋಡ್ ಲಾರಿ ಹೋದರೆ ಕಿಟಕಿ ಗಾಜು ಅದುರುತ್ತದೆ. ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೇ ಊರಲ್ಲಿ ಯಾವ ಕೆಲಸವೂ ಇಲ್ಲದ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಅವಕ್ಕೂ ನಮ್ಮೂರು ಬೇಡ, ನಮಗೂ ಅವು ಬೇಡ. ರಸ್ತೆ ಹಾಳಾಗೋದೂ ಜಾಸ್ತಿ ಲಾರಿಗಳಿಂದಲೇ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರ ವರೆಗೆ ಲಾರಿಗಳನ್ನು ಓಡಿಸಿಯೇ ಇದನ್ನು ಪರೀಕ್ಷೆ ಮಾಡಿದ್ದರು. ಆಕ್ಸಲ್ (ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು 16 ಪಟ್ಟಾಗುತ್ತದೆ ಅನ್ನೋ ಲೆಕ್ಕ ಅಲ್ಲಿಂದ ಬಂದದ್ದು.

ಮೊದಲು ಕೇಳಬೇಕಾದ್ದು ಒಂದು ಲೆಕ್ಕ: ಊರೊಳಗೆ ಬರುವ ಗಾಡಿಗಳಲ್ಲಿ ನಿಲ್ಲದೆ ಹಾದುಹೋಗುವವು ಎಷ್ಟು? ಊರಿನ ಎರಡೂ ತುದಿಯಲ್ಲಿ ನಂಬರ್ ಪ್ಲೇಟ್ ಬರೆದುಕೊಂಡು ಹೋಲಿಸಿದರೆ ಇದು ಗೊತ್ತಾಗುತ್ತದೆ. ಹೆಚ್ಚಿನ ಗಾಡಿಗಳು ಊರಿಗೇ ಬರುವವಾದರೆ ಬೈಪಾಸ್‌ನಿಂದ ಆಗುವ ಉಪಕಾರ ಕಡಿಮೆ. ಶಬ್ದದ ವಿಷಯದಲ್ಲೂ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಗಾಡಿಗಳ ಸಂಖ್ಯೆ ಅರ್ಧಕ್ಕೆ ಇಳಿದರೂ ಶಬ್ದ ಇಳಿಯೋದು ಸುಮಾರು 3 ಡೆಸಿಬಲ್ ಮಾತ್ರ. ನಿದ್ದೆ ಸಿಗಬೇಕಾದರೆ ರಾತ್ರಿಯ ಲಾರಿಗಳೇ ಹೊರಗೆ ಹೋಗಬೇಕು.

ಈಗ ನಿಮ್ಮ ಹೊಲದ ವಿಷಯ. ಬೈಪಾಸ್ ಅಂದರೆ ಹೊಲಗಳ ನಡುವೆ ಉದ್ದಕ್ಕೂ ಒಂದು ಏರಿ ಕಟ್ಟಿದ ಹಾಗೆ. ನೀರು ಹೋಗಲು ದಾರಿ ಇಲ್ಲದಿದ್ದರೆ ಮೇಲಿನ ಕಡೆಯ ಹೊಲ ಕೆರೆಯಾಗುತ್ತದೆ. ಇದ್ದ ನೀರನ್ನೆಲ್ಲ ಒಂದೇ ಮೋರಿಗೆ ತಿರುಗಿಸಿದರೆ ಕೆಳಗಿನವರ ಮಣ್ಣು ಕೊಚ್ಚಿಹೋಗುತ್ತದೆ. ಅಳತೆಗೆ ಬಂದವರು ಬೇಸಿಗೆಯಲ್ಲಿ ಬಂದಿದ್ದರೆ ಸಣ್ಣ ತೋಡುಗಳು ಅವರ ಕಣ್ಣಿಗೇ ಬಿದ್ದಿರುವುದಿಲ್ಲ. ಹಾಗಾಗಿ ಜೋರು ಮಳೆ ಬಂದ ದಿನ ಕೊಡೆ ಹಿಡಿದು ಹೋಗಿ, ನೀರು ಎಲ್ಲೆಲ್ಲಿ ಹರಿಯುತ್ತದೆ ಅಂತ ಫೋಟೋ ತೆಗೆಯಿರಿ. ನಕ್ಷೆಯ ಮೇಲೆ ಆ ಜಾಗಗಳಿಗೆ ಗುರುತು ಹಾಕಿ ಪತ್ರದ ಜೊತೆ ಕೊಡಿ. ಮೋರಿಯೊಳಗೆ ಕಸ ಕಟ್ಟಿದರೆ ತೆಗೆಯಲು ಆಳು ನುಗ್ಗುವಷ್ಟು ಜಾಗ ಬೇಕು ಅಂತಲೂ ಬರೆಯಿರಿ.

ನಿಮ್ಮ ನೀರಿನ ಪೈಪ್ ರಸ್ತೆಯ ಆಚೆಗೂ ಹೋಗುತ್ತದೆ ಅಲ್ವಾ? ಹಾಗಾದರೆ ಮಣ್ಣು ತುಂಬುವ ಮೊದಲೇ ಅಡಿಯಲ್ಲಿ ಒಂದು ದಪ್ಪ ಖಾಲಿ ಪೈಪ್ ಹಾಕಿಸಿಕೊಳ್ಳಿ. ಮುಂದೆ ಅದರೊಳಗೆ ನಿಮ್ಮ ಪೈಪ್ ತೂರಿಸಬಹುದು. ರಸ್ತೆ ಆದ ಮೇಲೆ ಅಗೆಯಲು ಯಾರೂ ಬಿಡುವುದಿಲ್ಲ. ಅಂಡರ್‌ಪಾಸ್ ಕೇಳುವಾಗ ಸುಮ್ನೆ 'ಟ್ರ್ಯಾಕ್ಟರ್ ಹೋಗಬೇಕು' ಅನ್ನಬೇಡಿ. ಹುಲ್ಲು ತುಂಬಿದ ಟ್ರೈಲರ್ ಮತ್ತು ಕಟಾವು ಯಂತ್ರದ ಎತ್ತರ, ಅಗಲ ಅಳೆದು ಅಂಕಿ ಕೊಡಿ. ಮೂಲೆಯಲ್ಲಿ ಉಳುಮೆಗೆ ಬಾರದ ತುಂಡು ಉಳಿದರೆ ಅದನ್ನೂ ಸೇರಿಸಿಯೇ ತೆಗೆದುಕೊಳ್ಳಿ ಅಂತ ಕೇಳಿ. ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ ವಾಪಸ್ ಕೊಡಬೇಕು ಅನ್ನೋದನ್ನು ಬರೆಯಲು ಮಾತ್ರ ಮರೆಯಬೇಡಿ. ಆ ಮಣ್ಣು ಆಗಲು ನೂರಾರು ವರ್ಷ ಬೇಕು, ಏರಿಯೊಳಗೆ ಹೂತುಹೋದರೆ ನನಗಂತೂ ಹೊಟ್ಟೆ ಉರಿಯುತ್ತದೆ.

ಇನ್ನೆರಡು ಮಾತು ಊರಿನವರೆಲ್ಲ ಸೇರಿ ಹೇಳಬೇಕು. ಬೈಪಾಸ್‌ಗೆ ನೇರವಾಗಿ ಮನೆ, ಅಂಗಡಿಗಳ ಬಾಗಿಲು ತೆರೆಯಲು ಬಿಡಬಾರದು, ಪಕ್ಕದಲ್ಲಿ ಹೋಗುವ ಸಣ್ಣ ಸರ್ವಿಸ್ ರಸ್ತೆಯಿಂದಲೇ ದಾರಿ ಇರಬೇಕು. ಇಲ್ಲದಿದ್ದರೆ ಕೆಲವು ವರ್ಷಗಳಲ್ಲಿ ಅದೂ ಇನ್ನೊಂದು ಪೇಟೆ ಬೀದಿಯಾಗಿ, ಅದಕ್ಕೊಂದು ಬೈಪಾಸ್ ಬೇಕಾಗುತ್ತದೆ. ಎರಡನೆಯದು, ಹಳೆಯ ರಸ್ತೆಯ ಕೆಲಸವೂ ಇದೇ ಯೋಜನೆಯಲ್ಲಿ ಸೇರಬೇಕು. ಹೊಸ ರಸ್ತೆ ಹೊಸ ಗಾಡಿಗಳನ್ನೂ ಕರೆತರುತ್ತದೆ ಅಂತ ಬ್ರಿಟನ್ ಸರ್ಕಾರದ ತಜ್ಞರ ಸಮಿತಿಯೇ 1994ರಲ್ಲಿ ಹೇಳಿದೆ. ಖಾಲಿಯಾದ ಅಗಲದ ರಸ್ತೆಯನ್ನು ಹಾಗೇ ಬಿಟ್ಟರೆ ಉಳಿದ ಗಾಡಿಗಳು ಇನ್ನೂ ಜೋರಾಗಿ ಓಡುತ್ತವೆ, ನಿಧಾನಕ್ಕೆ ರಸ್ತೆಯೂ ತುಂಬಿಕೊಳ್ಳುತ್ತದೆ. ಗಾಡಿ ಓಡುವ ಅಗಲ ಕಡಿಮೆ ಮಾಡಿ, ಫುಟ್‌ಪಾತ್ ದೊಡ್ಡದು ಮಾಡಿ, ಶಾಲೆಯ ಮುಂದೆ ಉಬ್ಬು ಹಾಕಿ ವೇಗ ಇಳಿಸಬೇಕು. ವೇಗ ಅರ್ಧವಾದರೆ ಡಿಕ್ಕಿಯ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ.

ಅಂಗಡಿಯವರ ಭಯ ನನಗೆ ಅರ್ಥವಾಗುತ್ತದೆ. ಹೆದ್ದಾರಿ ಗಿರಾಕಿಯನ್ನೇ ನಂಬಿದವರಿಗೆ ಪೆಟ್ಟು ಬೀಳಬಹುದು. ಅವರನ್ನೂ ಸಭೆಗೆ ಕರೆಯೋಣ, ಅವರ ಮಾತೂ ಪತ್ರಕ್ಕೆ ಸೇರಲಿ.

ನಿಮ್ಮ ಹತ್ತಿರ ನಕ್ಷೆ ಇದ್ದರೆ ಇಲ್ಲೇ ಹಾಕಿ ಅಣ್ಣ. ನಿಮ್ಮ ಮೇಲಿನ ಹೊಲದವರೂ ಈ ಗುಂಪಿನಲ್ಲೇ ಇದ್ದರೆ ಅವರನ್ನೂ ಕೇಳಿ, ನೀರು ಮೊದಲು ನಿಲ್ಲೋದು ಯಾವ ಮೂಲೆಯಲ್ಲಿ ಅಂತ ಅವರಿಗೆ ಗೊತ್ತಿರುತ್ತದೆ.