ನಡುಮನೆಯವರ ದಂಬೆ

ಶಿರಸಿ ಹತ್ತಿರದ ಓದುಗರೊಬ್ಬರು ಸಿಟ್ಟಿನಲ್ಲಿ ಬರೆದಿದ್ದಾರೆ: 'ಸೂಪಾ ಅಣೆಕಟ್ಟಿಗೆ ಊರು ಮುಳುಗಿಸಿಕೊಂಡ ಜಿಲ್ಲೆ ನಮ್ಮದು. ಕೈಗಾವೂ ಇಲ್ಲೇ. ಆದ್ರೂ ಮಳೆ ಬಂದರೆ ಮೂರು ದಿನ ಕರೆಂಟಿಲ್ಲ. ನೇಪಾಳದ ವಿದ್ಯುತ್ತನ್ನು ಬಾಂಗ್ಲಾಕ್ಕೆ ದಾಟಿಸುವ ಉಸಾಬರಿ ನಮಗ್ಯಾಕೆ?'

ಸಿಟ್ಟು ಸರಿಯೇ. ಕೈಗಾದ ಮೊದಲ ಘಟಕ 2018ರಲ್ಲಿ ಸತತ 962 ದಿನ ಓಡಿ ದಾಖಲೆ ಮಾಡಿತು. ಆಗಲೂ ನಮ್ಮನೆಯಲ್ಲಿ ಚಿಮಣಿ ದೀಪದ ಗಾಜು ಒರೆಸಿಟ್ಟೇ ಇರುತ್ತಿತ್ತು. ಆದರೆ ಮರ ಬಿದ್ದು ಕಂಬ ಮುರಿದದ್ದು ನೇಪಾಳದ ತಪ್ಪಲ್ಲ, ಅಲ್ವಾ?

ನಮ್ಮ ಅಜ್ಜನ ಮನೆಗೆ ಅಬ್ಬಿ ನೀರು. ಒರತೆ ಇದ್ದದ್ದು ಮೇಲಿನ ಮನೆಯವರ ಜಾಗದಲ್ಲಿ. ನೀರು ಹರಿಯಲು ಅಡಿಕೆ ಮರ ಸೀಳಿ ಮಾಡಿದ ದಂಬೆ ಇನ್ನೊಬ್ಬರ ತೋಟ ಹಾದು ಬರಬೇಕು. ಎಲೆ ಸಿಕ್ಕಿಕೊಂಡರೆ ನೀರೆಲ್ಲ ಅಲ್ಲೇ ಚೆಲ್ಲುತ್ತಿತ್ತು. ಎಲೆ ತೆಗೆಯುವುದು ಆ ನಡುಮನೆಯವರ ಕೆಲಸ, ಅದಕ್ಕೆ ನಮ್ಮಿಂದ ವರ್ಷಕ್ಕೆರಡು ಬಾಳೆಗೊನೆ. ಒಂದು ಬೇಸಿಗೆ ಮಾತಿಗೆ ಮಾತು ಬೆಳೆದು ಅವರು ದಂಬೆಯ ಒಂದು ತುಂಡು ಎಳೆದು ಹಾಕಿದರು. ಎಂಟು ದಿನ ಅಜ್ಜಿ ಕೊಡ ಹೊತ್ತಳು.

2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನಲ್ಲಿ ಆದ ಮೂರು ದೇಶಗಳ ವಿದ್ಯುತ್ ಒಪ್ಪಂದವೂ ಇದೇ ಲೆಕ್ಕ. ಮೇಲಿನ ಮನೆ ನೇಪಾಳ. ಮಳೆಗಾಲದಲ್ಲಿ ಹೊಳೆ ತುಂಬಿ ಅವರಲ್ಲಿ ವಿದ್ಯುತ್ ಮಿಗುತ್ತದೆ. ಕೆಳಗಿನ ಮನೆ ಬಾಂಗ್ಲಾ. ನಡುವೆ ನಾವು. ಜೂನ್ 15ರಿಂದ ನವೆಂಬರ್ 15ರವರೆಗೆ 40 ಮೆಗಾವಾಟ್, ನೇಪಾಳದ ಢಲ್ಕೇಬರ್‌ನಿಂದ ಬಿಹಾರದ ಮುಜಫ್ಫರ್‌ಪುರಕ್ಕೆ, ಮುಂದೆ ಪಶ್ಚಿಮ ಬಂಗಾಳದ ಬಹರಾಂಪುರ ದಾಟಿ ಬಾಂಗ್ಲಾದ ಭೇಡಾಮಾರಾಕ್ಕೆ. ಬಾಂಗ್ಲಾದ ಗ್ರಿಡ್ಡಿಗೂ, ಅಂದರೆ ವಿದ್ಯುತ್ ಜಾಲಕ್ಕೂ, ನಮ್ಮದಕ್ಕೂ ತಾಳ ಕೂಡುವುದಿಲ್ಲ. ಅದಕ್ಕೇ ಭೇಡಾಮಾರಾದಲ್ಲಿ ದಿಕ್ಕು ಬದಲಿಸುತ್ತ ಹರಿಯುವ ಎಸಿ ವಿದ್ಯುತ್ತನ್ನು ಒಂದೇ ದಿಕ್ಕಿನ ಡಿಸಿ ಮಾಡಿ, ಮತ್ತೆ ಎಸಿ ಮಾಡಿ ಒಳಗೆ ಬಿಡುತ್ತಾರೆ. ತಂತಿ ಬಳಸಿದ್ದಕ್ಕೆ ನಮಗೆ ಬಾಡಿಗೆ. ಚಳಿಗಾಲದಲ್ಲಿ ಹೊಳೆ ಸೊರಗಿದರೆ ನೇಪಾಳ ನಮ್ಮಿಂದಲೇ ಕೊಳ್ಳುತ್ತದೆ. ಸುಮ್ನೆ ಉಸಾಬರಿ ಅಂದುಬಿಟ್ಟರೆ ಹೇಗೆ? ಭೂತಾನದ ಛೂಖಾ ಜಲವಿದ್ಯುತ್ ಸ್ಥಾವರಕ್ಕೆ ದುಡ್ಡು ಹಾಕಿದ್ದೂ ನಾವೇ, ಅದರ ಬೆಳಕು ಉಂಡವರೂ ನಾವೇ.

ನನ್ನ ಬೇಸರ ಬೇರೆ. ನಮ್ಮದು ನಡುಮನೆಯವರ ಗತ್ತು. ಚೀನಾದ ದುಡ್ಡು ತಾಗಿದ ನೇಪಾಳದ ಸ್ಥಾವರದಿಂದ ದಿಲ್ಲಿ ಒಂದು ಯೂನಿಟ್ಟೂ ಕೊಳ್ಳುವುದಿಲ್ಲ. ಭದ್ರತೆಯ ಕಾರಣ ಇರಬಹುದು. ಆದರೆ ದಂಬೆಯ ಮೇಲೆ ಕೈಯಿಟ್ಟುಕೊಂಡೇ ಮಾತಾಡುವವರನ್ನು ಯಾರು ನಂಬುತ್ತಾರೆ?

ಇನ್ನು ನಮ್ಮ ಜಿಲ್ಲೆ. ಹೈಟೆನ್ಷನ್ ತಂತಿ ಹೋಯಿತೆಂದು ನಮ್ಮ ತೋಟದ ಒಂದು ಪಟ್ಟಿ ಬೋಳಾಯಿತು. ಮರ ಎಣಿಸಿ ಒಮ್ಮೆ ಪರಿಹಾರ ಕೊಟ್ಟರು, ಮುಗಿಯಿತು. ಅಲ್ಲಿ ಈಗ ಅಡಿಕೆ ಸಸಿ ನೆಡುವ ಹಾಗಿಲ್ಲ. ದೇಶ ತನ್ನ ತಂತಿಗೆ ವರ್ಷವರ್ಷ ಬಾಡಿಗೆ ಎಣಿಸಿಕೊಳ್ಳುವಾಗ ತಂತಿಯ ಕೆಳಗಿನ ತೋಟದವನಿಗೆ ಯಾಕಿಲ್ಲ? ನೀವು ಕೇಳಬೇಕಿದ್ದದ್ದು ಇದನ್ನು, ಮಾರಾಯರೇ. ಇನ್ನೊಂದು ಪತ್ರ ಬರೆಯಿರಿ. ಕತ್ತರಿ ಹಾಕದೆ ಅಚ್ಚು ಮಾಡುತ್ತೇನೆ.

-ಸಂ.